ನೈಟ್ ಡ್ಯೂಟಿ ಮುಗಿಸಿದ ಬೆಳಿಗ್ಗೆನೇ ಬ್ಲಡ್ ಟೆಸ್ಟ್ ಮಾಡಿಸಿದ ಫೈರ್‌ಮ್ಯಾನ್ ಪ್ರಶ್ನೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾನು ಫೈರ್‌ಮ್ಯಾನ್, ವಯಸ್ಸು 41. ಬೇಸಿಗೆ ಬಂತು ಅಂದ್ರೆ ಬಣವೆ ಬೆಂಕಿ, ಗುಡ್ಡದ ಬೆಂಕಿ ಅಂತ ರಾತ್ರಿಯೆಲ್ಲ ಕಾಲ್ ಇರತ್ತೆ, ಕಾಲ್ ಇಲ್ದೇ ಇದ್ರೂ ಬೆಲ್ ಯಾವಾಗ ಹೊಡಿಯತ್ತೋ ಅಂತ ನಿದ್ದೆ ಹತ್ತಲ್ಲ. ಹೋದ ವಾರ ನೈಟ್ ಮುಗಿಸ್ಕೊಂಡು ಹಾಗೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ. ಬಿಳಿ ರಕ್ತಕಣ 12,100, ಹಿಮೋಗ್ಲೋಬಿನ್ 17.4, ಫಾಸ್ಟಿಂಗ್ ಶುಗರ್ 112 ಬಂದಿದೆ. ನೆಟ್ಟಲ್ಲಿ ನೋಡಿದ್ರೆ ಬ್ಲಡ್ ಕ್ಯಾನ್ಸರ್ ಅಂತೆಲ್ಲ ಇದೆ, ಭಯ ಆಗ್ತಿದೆ. ಬೀಡಿ ಸಿಗರೇಟ್ ಇಲ್ಲ. ಗೊರಕೆ ಮಾತ್ರ ವಿಪರೀತ ಅಂತಾರೆ ಮನೆಯವ್ರು.

ಉತ್ತರ: ಮೊದಲು ನೆಟ್ ನೋಡೋದು ನಿಲ್ಸಿ. ನಿದ್ದೆಗೆಟ್ಟು, ಬೆವತು, ಓಡಾಡಿ ಬಂದ ಮೈಯಿಂದ ತೆಗೆದ ರಕ್ತ ಇದು, ಈ ಒಂದು ರಿಪೋರ್ಟ್ ಇಟ್ಕೊಂಡು ಯಾರೂ ಕ್ಯಾನ್ಸರ್ ಅಂತ ಹೇಳೋಕಾಗಲ್ಲ.

ಬಿಳಿ ಕಣ ಸಾಮಾನ್ಯವಾಗಿ 4,000ದಿಂದ 11,000 ಒಳಗಿರತ್ತೆ. ಬೆಲ್ ಹೊಡೆದ ತಕ್ಷಣ ಅಡ್ರಿನಲಿನ್ ಏರತ್ತೆ, ಆಮೇಲೆ ಕಾರ್ಟಿಸಾಲ್, ಒತ್ತಡದ ಈ ಎರಡು ಹಾರ್ಮೋನ್ ಸೇರಿ ರಕ್ತನಾಳದ ಗೋಡೆಗೆ ಅಂಟ್ಕೊಂಡಿದ್ದ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಗಳನ್ನ ಹರಿಯೋ ರಕ್ತಕ್ಕೆ ಬಿಡಿಸ್ತವೆ, ಹಾಗಾಗಿ ಸೋಂಕು ಇಲ್ದೇನೂ ಕೌಂಟ್ ಜಾಸ್ತಿ ಕಾಣತ್ತೆ. ಎರಡ್ಮೂರು ರಾತ್ರಿ ಚೆನ್ನಾಗಿ ಮಲಗಿ, ನೀರು ಕುಡಿದು ಆಮೇಲೆ ಮತ್ತೆ ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟ್, ಮಾಡಿಸಿ. ಆಗ್ಲೂ ಇಳೀಲಿಲ್ಲ, ಅಥವಾ ಜ್ವರ, ತೂಕ ಇಳಿಯೋದು, ಕುತ್ತಿಗೆ ಕಂಕುಳಲ್ಲಿ ಗಂಟು ಇದೆ ಅಂದ್ರೆ ರಕ್ತರೋಗ ತಜ್ಞರ ಹತ್ರ ಹೋಗ್ಲೇಬೇಕು.

ನನಗೆ ನಿಮ್ಮ ಬಿಳಿ ಕಣಕ್ಕಿಂತ ಹಿಮೋಗ್ಲೋಬಿನ್ ಮತ್ತೆ ಗೊರಕೆ ಮೇಲೇ ಕಣ್ಣು. ಬೆಂಕಿ ಹತ್ರ ಬೆವರು ಸುರಿದು ರಕ್ತ ಗಟ್ಟಿಯಾದ್ರೂ ಹಿಮೋಗ್ಲೋಬಿನ್ ಏರತ್ತೆ, ಅದು ನೀರು ಕುಡಿದ್ರೆ ಇಳಿಯತ್ತೆ. ಆದ್ರೆ ಗೊರಕೆ ಮಧ್ಯೆ ಉಸಿರು ಕಟ್ತಾ ಇದ್ರೆ ಅದು ಸ್ಲೀಪ್ ಅಪ್ನಿಯಾ ಇರಬಹುದು, ಒಂದೊಂದ್ ಸಲ ಉಸಿರು ನಿಂತಾಗ್ಲೂ ರಕ್ತದಲ್ಲಿ ಆಕ್ಸಿಜನ್ ಬೀಳತ್ತೆ, ಕಿಡ್ನಿಗೆ ಅದು ಗೊತ್ತಾಗಿ ಎರಿತ್ರೋಪೊಯೆಟಿನ್ ಅನ್ನೋ ಹಾರ್ಮೋನ್ ಬಿಡತ್ತೆ, ಮೂಳೆಮಜ್ಜೆ ಕೆಂಪು ಕಣ ಜಾಸ್ತಿ ಮಾಡತ್ತೆ. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಬೇರೆ ಹಿಮೋಗ್ಲೋಬಿನ್ನಿಗೆ ಅಂಟ್ಕೊಂಡು ಆಕ್ಸಿಜನ್ ಜಾಗ ಕಿತ್ಕೊಳ್ಳತ್ತೆ, ಮಾಮೂಲಿ ಗಾಳಿಯಲ್ಲಿ ಅದರ ಅರ್ಧ ಭಾಗ ಹೋಗೋಕೇ ನಾಲ್ಕೈದು ಗಂಟೆ ಬೇಕು. ಮನೆಯವ್ರನ್ನ ಕೇಳಿ, ಗೊರಕೆ ಹಠಾತ್ ನಿಂತು ಆಮೇಲೆ ಏದುಸಿರು ಬಿಡ್ತೀರಾ ಅಂತ. ಹೌದು ಅಂದ್ರೆ ಸ್ಲೀಪ್ ಸ್ಟಡಿ, ಅಂದ್ರೆ ಮಲಗಿದಾಗ ಉಸಿರಾಟ, ಆಕ್ಸಿಜನ್ ಅಳೆಯೋ ಟೆಸ್ಟ್, ಮಾಡಿಸಿ. ವಿಶ್ರಾಂತಿ ಆದ್ಮೇಲೂ ಹಿಮೋಗ್ಲೋಬಿನ್ 16.5 ದಾಟಿದ್ರೆ ಮುಂದಿನ ಪರೀಕ್ಷೆ ಬೇಕು, ಬಿಡಬೇಡಿ.

ಶುಗರ್ ವಿಷಯ, ರಾತ್ರಿ ಸ್ಟೇಷನ್ನಲ್ಲಿ ಟೀ ಕುಡಿದಿದ್ರಾ? ಹಾಗಾದ್ರೆ ಅದು ಫಾಸ್ಟಿಂಗೇ ಅಲ್ಲ. ಕುಡಿದಿಲ್ಲ ಅಂದ್ರೂ ನಿದ್ದೆಗೆಟ್ಟಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಮಾಡಿಸಿ.

ಹಾಗಂತ ನಿದ್ದೆ ಕೆಟ್ರೆ ಕೆಡ್ಲಿ, ರಿಪೋರ್ಟ್ ಮತ್ತೆ ಸರಿಹೋಗತ್ತೆ ಅಂತ ಸುಮ್ನಾಗಬೇಡಿ. 2022ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಸಂಶೋಧಕರು ಆರೋಗ್ಯವಂತರನ್ನ ಆರು ವಾರ ದಿನಾ ಒಂದೂವರೆ ಗಂಟೆ ಕಮ್ಮಿ ಮಲಗಿಸಿ ನೋಡಿದ್ರು, ಅವ್ರು ಫೈರ್‌ಮ್ಯಾನ್‌ಗಳಲ್ಲ, ಆದ್ರೂ ಉರಿಯೂತಕ್ಕೆ ಕಾರಣ ಆಗೋ ಬಿಳಿ ಕಣ ಜಾಸ್ತಿಯಾಯ್ತು, ರಕ್ತ ಹುಟ್ಟಿಸೋ ಸ್ಟೆಮ್ ಸೆಲ್‌ಗಳಲ್ಲೇ ಬದಲಾವಣೆ ಕಂಡಿತು. ಅದೇ ಅಧ್ಯಯನದಲ್ಲಿ ಇಲಿಗಳ ನಿದ್ದೆನೂ ಕೆಡಿಸಿ ನೋಡಿದ್ರು, ಆಮೇಲೆ ವಾರಗಟ್ಟಲೆ ಚೆನ್ನಾಗಿ ಮಲಗಿಸಿದ್ರೂ ಆ ಬದಲಾವಣೆ ಪೂರ್ತಿ ಸರಿಹೋಗಲಿಲ್ಲ. ಇನ್ನೊಂದು ಕಡೆ 2017ರ ಎಡಿನ್‌ಬರಾ ಅಧ್ಯಯನ ಫೈರ್‌ಮ್ಯಾನ್‌ಗಳ ಮೇಲೇ ಮಾಡಿದ್ದು, ಬೆಂಕಿ ತರಬೇತಿ ಆದ್ಮೇಲೆ ರಕ್ತ ಹೆಪ್ಪುಗಟ್ಟೋ ಸ್ವಭಾವ ಜಾಸ್ತಿಯಾಗಿತ್ತು. ಬಿಸಿ, ಬೆವರು ಒಂದು ಕಡೆ, ನಿದ್ದೆ ಕಮ್ಮಿಯಾಗಿ ಏರೋ ಬಿಪಿ ಇನ್ನೊಂದು ಕಡೆ, ಅಮೆರಿಕದಲ್ಲಿ ಡ್ಯೂಟಿ ಮೇಲೆ ಸಾಯೋ ಫೈರ್‌ಮ್ಯಾನ್‌ಗಳಲ್ಲಿ ಸುಟ್ಟು ಸಾಯೋರಿಗಿಂತ ಹೃದಯ ನಿಂತು ಸಾಯೋರೇ ಜಾಸ್ತಿ ಅನ್ನೋದು ನನಗೆ ತುಂಬಾ ಸಂಕಟದ ವಿಷಯ.

ಕ್ಯಾನ್ಸರ್ ಭಯದ ಬಗ್ಗೆ ನೇರವಾಗಿ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ನಿಮ್ಮ ಕೆಲಸವನ್ನೇ ಕ್ಯಾನ್ಸರ್‌ಕಾರಕ ಅಂತ ಪಟ್ಟಿಗೆ ಸೇರಿಸ್ತು, ಗಟ್ಟಿ ಪುರಾವೆ ಇರೋದು ಮೂತ್ರಕೋಶದ ಕ್ಯಾನ್ಸರ್ ಮತ್ತೆ ಮೆಸೊಥೆಲಿಯೋಮಕ್ಕೆ (ಹೆಚ್ಚಾಗಿ ಶ್ವಾಸಕೋಶದ ಹೊರಪದರಕ್ಕೆ ಬರೋ ಕ್ಯಾನ್ಸರ್), ಲಿಂಫೋಮದ (ಬಿಳಿ ಕಣಗಳಲ್ಲಿ ಹುಟ್ಟೋ ಕ್ಯಾನ್ಸರ್) ಒಂದು ಬಗೆಗೆ ಸ್ವಲ್ಪ ಪುರಾವೆ ಇದೆ. ಅದಕ್ಕೇ ವರ್ಷಕ್ಕೊಂದ್ಸಲ ಚೆಕಪ್ ಬಿಡಬೇಡಿ, ಮಸಿ ಹಿಡಿದ ಯೂನಿಫಾರಂ ಮನೆ ಬಟ್ಟೆ ಜೊತೆ ಒಗೀಬೇಡಿ.

ನೈಟ್ ಮುಗಿದ್ಮೇಲೆ ಮೊಬೈಲ್ ದೂರ ಇಟ್ಟು, ಕಿಟಕಿಗೆ ದಪ್ಪ ಪರದೆ ಹಾಕಿ, ಮನೇಲಿ ಎಲ್ರಿಗೂ ಹೇಳಿ ಮಲಗಿ. ಕಡೇ ಟೀ ಮಲಗೋಕೆ ಆರು ಗಂಟೆ ಮುಂಚೆ. ಮಧ್ಯಾಹ್ನ ಸಿಕ್ಕಿದ ಅರ್ಧ ಗಂಟೆನೂ ಲೆಕ್ಕಕ್ಕೆ ಬರತ್ತೆ. ಸ್ಟೇಷನ್ ಅಧಿಕಾರಿಗಳಿಗೂ ಒಂದು ಮಾತು, ಒಂದೇ ಗಾಡಿಗೆ ಕಾಲ್ ಬಂದಾಗ ಇಡೀ ಸ್ಟೇಷನ್ನನ್ನ ಎಬ್ಬಿಸಬೇಡಿ, ಉಳಿದವ್ರು ಮಲಗ್ಲಿ.

ಎದೆ ಬಿಗಿತ, ಎಡಗೈ ನೋವು, ಮೆಟ್ಟಿಲು ಹತ್ತುವಾಗ ಹಿಂದೆ ಇಲ್ದೇ ಇದ್ದ ಉಬ್ಬಸ ಇದ್ರೆ ಮಾತ್ರ ಈ ಟೆಸ್ಟ್‌ಗಳಿಗೆ ಕಾಯಬೇಡಿ, ಆವತ್ತೇ ಇಸಿಜಿ ಮಾಡಿಸಿ. ರಕ್ತ ಗಟ್ಟಿಯಾಗಿದೆ ಅಂತ ಆಸ್ಪಿರಿನ್ ನೀವಾಗೇ ಶುರು ಮಾಡ್ಕೋಬೇಡಿ.