ರಾಜೀನಾಮೆಯೇ ಶಿಕ್ಷೆಯೇ?

ಪ್ರಶ್ನೆ: ಲೈಂಗಿಕ ಕಿರುಕುಳದ ಆರೋಪ ತನಿಖೆಯಲ್ಲಿ ದೃಢಪಟ್ಟರೂ ವಿಶ್ವವಿದ್ಯಾಲಯಗಳು ಪ್ರಾಧ್ಯಾಪಕರನ್ನು ವಜಾ ಮಾಡದೆ ಒಪ್ಪಂದಕ್ಕೆ ಬರುವುದೇಕೆ?

ಉತ್ತರ: ಕಾಯಂ ಹುದ್ದೆಯ ಪ್ರಾಧ್ಯಾಪಕರನ್ನು ವಜಾ ಮಾಡಲು ದೀರ್ಘ ವಿಚಾರಣೆ ಬೇಕಾಗುತ್ತದೆ, ಅದನ್ನು ತಪ್ಪಿಸಲು ಆಡಳಿತ ಮಾತುಕತೆಗೆ ಇಳಿಯುತ್ತದೆ. ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಶೋಧದಿಂದ ಖ್ಯಾತರಾದ ಖಗೋಳ ವಿಜ್ಞಾನಿ ಜೆಫ್ರಿ ಮಾರ್ಸಿ 2001ರಿಂದ 2010ರವರೆಗೆ ಕಿರುಕುಳ ವಿರೋಧಿ ನಿಯಮಗಳನ್ನು ಉಲ್ಲಂಘಿಸಿದ್ದರೆಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತನಿಖೆಯೇ ಹೇಳಿತ್ತು. ಆದರೂ, ಮತ್ತೆ ತಪ್ಪಿದರೆ ಅಮಾನತು ಅಥವಾ ವಜಾ ಎಂಬ ಷರತ್ತಿನೊಂದಿಗೆ ಅವರನ್ನು ಹುದ್ದೆಯಲ್ಲೇ ಉಳಿಸಲಾಯಿತು. 2015ರ ಅಕ್ಟೋಬರ್‌ನಲ್ಲಿ ಸುದ್ದಿ ಬಯಲಾಗಿ, ಸಹೋದ್ಯೋಗಿಗಳೇ ವಿರೋಧಿಸಿದ ಮೇಲಷ್ಟೇ ಅವರು ರಾಜೀನಾಮೆ ನೀಡಿದರು. ದೂರು ನೀಡಿದ ಹೆಣ್ಣುಮಕ್ಕಳಿಗೆ ಕೊನೆಗೆ ನೆರವಾದದ್ದು ಒಪ್ಪಂದವಲ್ಲ, ಸಾರ್ವಜನಿಕ ಒತ್ತಡ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಭಾರತದ 2013ರ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿದೆ: ವಿಚಾರಣೆಗೆ ಮುನ್ನ, ದೂರು ನೀಡಿದ ಮಹಿಳೆ ಕೋರಿದರೆ ಮಾತ್ರ ರಾಜಿಗೆ ಅವಕಾಶವಿದ್ದು, ಹಣ ಅದರ ಆಧಾರವಾಗುವಂತಿಲ್ಲ, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆದ್ದರಿಂದ ಯಾವುದೇ ಕಾಲೇಜು ದೂರುದಾರರನ್ನು ಕೇಳದೆ ಆರೋಪಿಯ ರಾಜೀನಾಮೆಯನ್ನು ಅಂಗೀಕರಿಸಿ ಕಡತ ಮುಚ್ಚಲು ಹೊರಟರೆ, ಇಂಥ ದೂರುಗಳನ್ನು ವಿಚಾರಣೆ ಮಾಡುವ ಕಾಲೇಜಿನ ಆಂತರಿಕ ಸಮಿತಿಯ ವರದಿಯನ್ನು ಲಿಖಿತವಾಗಿ ಕೇಳಿರಿ.