ಭೂಕಂಪ ಆದರೆ ಕಡಲ ಬದಿಯ ಮರಳು ನೆಲ ಕೆಸರಾಗುತ್ತಾ? ಕರೆಂಟ್ ಲೈನ್ ಗತಿ ಏನು?

ಕಾರವಾರದಲ್ಲಿ ಸಮುದ್ರದ ಹತ್ತಿರ ಸೈಟ್ ನೋಡಿದ್ದೀರಿ, ಭೂಕಂಪ ಬಂದರೆ ಅಲ್ಲಿನ ಮರಳು ಕೆಸರಾಗಿ ಮನೆ, ಕಂಬ ಎಲ್ಲ ಹೂತುಹೋಗುತ್ತವೆ ಎಂದು ಯಾರೋ ಹೆದರಿಸಿದ್ದಾರೆ, ಅಲ್ವಾ? ಅವರು ಹೇಳಿದ್ದು ಸುಳ್ಳಲ್ಲ. ಅರ್ಧ ಹೇಳಿದ್ದಾರೆ ಅಷ್ಟೇ.

ನಾನು ಅಂಕೋಲೆ ಕಡೆಯವನು, ಲೈನ್ ಎಳೆಯುವ ಗುತ್ತಿಗೆ ಕೆಲಸ. ಕಡಲ ಬದಿಯಲ್ಲಿ ಕಂಬಕ್ಕೆ ಗುಂಡಿ ತೆಗೆಯುವುದೇ ಒಂದು ಕಥೆ. ಮಳೆಗಾಲ ಮುಗಿದ ಹೊಸತರಲ್ಲಿ ಮೂರು ನಾಲ್ಕು ಅಡಿಗೇ ನೀರು ಬರುತ್ತದೆ, ಆಮೇಲೆ ಎತ್ತಿದಷ್ಟೂ ಮರಳು ಬದಿಯಿಂದ ಜಾರಿ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಮೇಲೆ ಕೆಳಗೆ ಕತ್ತರಿಸಿದ ಡಾಂಬರು ಡ್ರಮ್ ಇಳಿಸಿ, ಅದರೊಳಗಿಂದ ಮರಳು ತೆಗೆಯುತ್ತೇವೆ. ಒಮ್ಮೆ ನಮ್ಮ ಹುಡುಗನೊಬ್ಬ ಡ್ರಮ್ಮಿನೊಳಗೆ ನಿಂತು ಸುಮ್ನೆ ಕಾಲು ಕುಣಿಸಿದ. ಮೊಣಕಾಲವರೆಗೆ ಇಳಿದ. ಕುಣಿತ ನಿಲ್ಲಿಸಿದ್ದೇ ತಡ, ಅದೇ ಮರಳು ಬಿಗಿದು ಕಾಲು ಬಿಡಲೇ ಇಲ್ಲ. ಎಳೆದು ತೆಗೆದೆವು, ಒಂದು ಚಪ್ಪಲಿ ಇನ್ನೂ ಆ ಕಂಬದ ಬುಡದಲ್ಲೇ ಇದೆ.

ಭೂಕಂಪದಲ್ಲಿ ಆಗುವುದೂ ಇದೇ, ದೊಡ್ಡದಾಗಿ. ನೀರು ತುಂಬಿದ ಸಡಿಲ ಮರಳು ಅಲುಗಿದಾಗ ಕಾಳುಗಳು ಒತ್ತೊತ್ತಾಗಿ ಕೂರಲು ನೋಡುತ್ತವೆ, ನಡುವಿನ ನೀರಿಗೆ ಹೊರಗೆ ಹೋಗಲು ಪುರುಸೊತ್ತಿಲ್ಲ. ಒತ್ತಡ ಏರಿ ಕಾಳುಗಳ ಹಿಡಿತ ತಪ್ಪುತ್ತದೆ. ಆಗ ಭಾರದ್ದು ಮುಳುಗುತ್ತದೆ, ಟೊಳ್ಳಾದದ್ದು ತೇಲುತ್ತದೆ. ಸೆಪ್ಟಿಕ್ ಟ್ಯಾಂಕ್ ಮೇಲೆದ್ದು ಬರುವುದು ಹೀಗೇ. 2001ರ ಭುಜ್ ಭೂಕಂಪದಲ್ಲಿ ಕಚ್ಛದ ರಣ್‌ನಲ್ಲಿ ನೆಲದಿಂದ ಮರಳು ನೀರು ಚಿಮ್ಮಿತ್ತು.

ಇನ್ನು ಕರೆಂಟ್. ಕಂಬ ವಾಲುತ್ತದೆ, ತಂತಿ ಹರಿಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ, ಹಗ್ಗ ಹಾಕಿ ಎತ್ತಿ ನಿಲ್ಲಿಸಬಹುದು. ನೆಲದೊಳಗಿನ ಕೇಬಲ್ಲೇ ಜಾಸ್ತಿ ತಲೆನೋವು, ಯಾಕೆಂದರೆ ನೆಲ ನದಿ ಕಡೆಗೆ ಜಾರಿದರೆ ಅದನ್ನೂ ಜೊತೆಗೆ ಎಳೆಯುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರ ಫೆಬ್ರವರಿ 22ರಂದು ಆದದ್ದು ಅದೇ. ಊರಿನ ಪೂರ್ವ ಭಾಗಕ್ಕೆ ಹೋಗುತ್ತಿದ್ದ 66 ಕೆವಿ ಭೂಗತ ಕೇಬಲ್‌ಗಳು ರಿಪೇರಿಗೂ ಬಾರದಂತೆ ಹಾಳಾದವು. ತಾತ್ಕಾಲಿಕವಾಗಿ ಕಂಬ ನೆಟ್ಟು ಮೇಲಿಂದಲೇ ಲೈನ್ ಎಳೆದರು! ನೆಲದ ಕಥೆ ಇನ್ನೂ ಕಷ್ಟ: ಸುಮಾರು 8,000 ಮನೆಗಳಿದ್ದ ಜಾಗವನ್ನೇ ಸರ್ಕಾರ ಖಾಲಿ ಮಾಡಿಸಿತು.

ನಮ್ಮ ಕಡೆ? ಭೂಕಂಪ ತಡೆಯುವಂತೆ ಕಟ್ಟಡ ಕಟ್ಟಲು ಇರುವ ಭಾರತೀಯ ಮಾನದಂಡ ಐಎಸ್ 1893ರ 2016ರ ನಕ್ಷೆಯಲ್ಲಿ ನಮ್ಮ ಕರಾವಳಿ ವಲಯ 3, ಅಂದರೆ ಮಧ್ಯಮ. ಭುಜ್ ಇರುವುದು ಅದೇ ನಕ್ಷೆಯ ಅತಿ ಹೆಚ್ಚು ಅಪಾಯದ ವಲಯ 5ರಲ್ಲಿ. ಜೋರಾದ ಅಲುಗಾಟ, ಸಡಿಲ ಮರಳು, ನೆಲದಡಿ ಸ್ವಲ್ಪ ಆಳದಲ್ಲೇ ಸಿಗುವ ನೀರು, ಮೂರೂ ಸೇರಿದರೆ ಮಾತ್ರ ಈ ಫಜೀತಿ. ಚಿರೆಕಲ್ಲಿನ ಗುಡ್ಡದ ಮೇಲೆ ಸೈಟ್ ಇದ್ದರೆ ಇದನ್ನು ಮರೆತುಬಿಡಿ. ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮುಚ್ಚಿ ಮಾಡಿದ ಸೈಟ್ ಆದರೆ ಭೂಕಂಪವೇ ಬೇಕಿಲ್ಲ, ಆ ಮೆತ್ತನೆ ಜೇಡಿ ತನ್ನಷ್ಟಕ್ಕೇ ಕುಸಿಯುತ್ತದೆ. ಕಾಳಿ ನದಿ ಮುಖದ ಹತ್ತಿರದ ಮರಳು ಜಾಗವಾದರೆ ಮಣ್ಣು ಪರೀಕ್ಷೆ ಮಾಡಿಸಿ. ಒಂದು ಕೊಳವೆಯನ್ನು 30 ಸೆಂ.ಮೀ. ಇಳಿಸಲು ಎಷ್ಟು ಏಟು ಬೇಕು ಎಂದು ಎಣಿಸುತ್ತಾರೆ, ಏಟು ಕಡಿಮೆ ಅಂದರೆ ಮರಳು ಸಡಿಲ. ಅದಕ್ಕೂ ಮೊದಲು ಸೆಪ್ಟೆಂಬರಿನಲ್ಲಿ ಒಮ್ಮೆ ಬಂದು ಪಕ್ಕದ ಮನೆ ಬಾವಿ ಇಣುಕಿ. ಕೈಗೆಟುಕುವಷ್ಟು ಮೇಲೆ ನೀರಿದ್ದರೆ ಅಡಿಪಾಯದ ಬಗ್ಗೆ ಎಂಜಿನಿಯರ್ ಹತ್ತಿರ ಕೂತು ಮಾತಾಡಿ. ಮೀಟರಿಗೆ ಬರುವ ಕೇಬಲ್ಲನ್ನು ಬಿಗಿಯಾಗಿ ಎಳೆಯಲು ಬಿಡಬೇಡಿ, ಗೋಡೆ ಹತ್ತಿರ ಒಂದು ಸುತ್ತು ಸಡಿಲ ಬಿಡಿಸಿ.