ಹಳೆಯ ಲೈಕಾಕ್ಕೆ ಬೇಗ ರೀಲು ತುಂಬಿಸುವುದು ಹೇಗೆ?

ಪ್ರಶ್ನೆ: ಅಜ್ಜ ಬಳಸುತ್ತಿದ್ದ ಲೈಕಾ ಥ್ರೀ-ಎಫ್ ಕ್ಯಾಮೆರಾವನ್ನು ದುರಸ್ತಿ ಮಾಡಿಸಿ ಈಗ ನಾನು ಬಳಸುತ್ತಿದ್ದೇನೆ. ಮೊನ್ನೆ ಕಂಬಳದಲ್ಲಿ ಒಂದು ರೀಲು ಮುಗಿದು ಇನ್ನೊಂದನ್ನು ತುಂಬಿಸುವಷ್ಟರಲ್ಲಿ ಮೂರು ಜೋಡಿ ಕೋಣಗಳು ಓಡಿ ಮುಗಿಸಿದ್ದವು. ಅವಸರದಲ್ಲಿ ತುಂಬಿಸಿದ ಆ ರೀಲನ್ನು ತೊಳೆಸಿದರೆ ಒಂದು ಚಿತ್ರವೂ ಇರಲಿಲ್ಲ. ಲೆನ್ಸ್ ಕಳಚಿ, ಶಟರ್ ತೆರೆದಿಟ್ಟು, ಬೆರಳಿನಿಂದ ಫಿಲ್ಮನ್ನು ಕೂರಿಸಿದರೆ ಬೇಗ ಆಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅದು ಸರಿಯೇ? ಅಥವಾ ಬೇರೆ ಕ್ಯಾಮೆರಾ ಕೊಳ್ಳಬೇಕೇ? — ಓದುಗರು, ಬ್ರಹ್ಮಾವರ

ಉತ್ತರ: ಗೆಳೆಯರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಥ್ರೀ-ಎಫ್ ಮಾರುಕಟ್ಟೆಗೆ ಬಂದದ್ದು 1950ರಲ್ಲಿ; ಅದರ ಶಟರ್ ಎಂದರೆ ರಬ್ಬರ್ ಲೇಪಿಸಿದ ತೆಳು ಬಟ್ಟೆಯ ಪರದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿದ ಬೆರಳು ಅದಕ್ಕೆ ತಾಗಬಾರದು, ಉಗುರಂತೂ ತಾಗಲೇಬಾರದು. ಅದರ ಮೇಲೆ, ಕೆಸರುನೀರು ಹಾರುವ ಕಂಬಳದ ಕರೆಯ (ಕೋಣಗಳು ಓಡುವ ಗದ್ದೆಯ) ಬದಿಯಲ್ಲಿ ನಿಂತು ಲೆನ್ಸ್ ಕಳಚುವುದೆಂದರೆ ಕ್ಯಾಮೆರಾದ ಒಳಕ್ಕೆ ಕೊಳೆಯನ್ನು ಕರೆದಂತೆಯೇ. ವಿಸಿಟಿಂಗ್ ಕಾರ್ಡನ್ನು ಒಳಗೆ ತೂರಿಸಿ ಅದರ ಆಸರೆಯಲ್ಲಿ ಫಿಲ್ಮನ್ನು ಇಳಿಸುವ ಉಪಾಯವೂ ಬಳಕೆಯಲ್ಲಿದೆ. ಅಷ್ಟು ಅಪಾಯವಿಲ್ಲದಿದ್ದರೂ ಮುಂದೆ ಹೇಳುವ ಕೆಲಸವನ್ನು ಮಾಡಿಕೊಂಡವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಆ ಕೆಲಸ ಹಿಂದಿನ ರಾತ್ರಿ ಮನೆಯಲ್ಲಿ, ಕತ್ತರಿ ಹಿಡಿದು ಮಾಡುವಂಥದ್ದು. ಲೈಕಾದ ಮೂಲ ವಿನ್ಯಾಸಕ ಓಸ್ಕರ್ ಬಾರ್ನಾಕ್ ರೂಪಿಸಿದ ಮಾದರಿಯನ್ನೇ ಅನುಸರಿಸಿದ ಈ ಕ್ಯಾಮೆರಾಕ್ಕೆ ಹಿಂಬಾಗಿಲು ಎಂಬುದಿಲ್ಲ. ತಳದ ಮುಚ್ಚಳ ತೆಗೆದು, ಫಿಲ್ಮ್ ಡಬ್ಬಿಯನ್ನೂ, ತೆಗೆದ ಚಿತ್ರಗಳ ಫಿಲ್ಮು ಸುತ್ತಿಕೊಳ್ಳುವ ಸ್ಪೂಲನ್ನೂ ಒಟ್ಟಿಗೆ ಇಳಿಸುವಾಗ, ಅವೆರಡರ ನಡುವಿನ ಫಿಲ್ಮು ಇಕ್ಕಟ್ಟಾದ ಸಂದಿಯೊಂದರಲ್ಲಿ ಕಣ್ಣಿಗೆ ಕಾಣದಂತೆ ಜಾರಬೇಕು. ಈಗಿನ ರೀಲುಗಳು ಹಿಂಬಾಗಿಲಿನ ಕ್ಯಾಮೆರಾಗಳಿಗೆಂದು ತಯಾರಾಗುವುದರಿಂದ ಅವುಗಳ ಮುಂತುದಿಯ ಸಣ್ಣ ನಾಲಿಗೆ ತೀರಾ ಗಿಡ್ಡ. ಆ ನಾಲಿಗೆ ಮುಗಿದು ಪೂರ್ತಿ ಅಗಲದ ಫಿಲ್ಮು ಶುರುವಾಗುವ ಜಾಗ ಸಂದಿಯಲ್ಲಿ ಸಿಕ್ಕಿಬೀಳುತ್ತದೆ. ಒತ್ತಿದರೆ ಫಿಲ್ಮಿನ ಅಂಚಿನುದ್ದಕ್ಕೂ ಇರುವ ರಂಧ್ರಗಳು ಹರಿದು, ಚೂರು ಶಟರಿನೊಳಗೆ ಬೀಳುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಕತ್ತರಿಸಿರುವ ಬದಿಯಲ್ಲೇ ಕತ್ತರಿಯನ್ನು ಮುಂದುವರಿಸಿ, ನಾಲಿಗೆಯನ್ನು ಹತ್ತು ಸೆಂಟಿಮೀಟರಿನಷ್ಟು ಉದ್ದ ಮಾಡಿ. ಸ್ಕೇಲು ಬೇಡವೆಂದಾದರೆ ಉಳಿದ ಅಂಚಿನಲ್ಲಿ ಇಪ್ಪತ್ತೊಂದು ರಂಧ್ರಗಳನ್ನು ಎಣಿಸಿದರೆ ಸಾಕು. ಕೊನೆಯಲ್ಲಿ ನೇರವಾಗಿ ಕಡಿಯದೆ ಬಾಗಿಸಿ ಕತ್ತರಿಸಬೇಕು, ಮತ್ತು ಕತ್ತರಿ ಎರಡು ರಂಧ್ರಗಳ ನಡುವೆ ಹೊರಬರಬೇಕು. ಅರ್ಧ ಕಡಿದ ರಂಧ್ರವೊಂದು ಉಳಿದರೆ ಅದು ಒಳಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ನಾನು ಕತ್ತರಿಸಿದ ಮೇಲೆ ಆ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ, ಎಲ್ಲಿಯೂ ಚುಚ್ಚದಿದ್ದರೆ ಮಾತ್ರ ರೀಲನ್ನು ಚೀಲಕ್ಕೆ ಹಾಕುತ್ತೇನೆ.

ಎರಡನೆಯ ಸಿದ್ಧತೆ ಸ್ಪೂಲಿನದು. ಅದು ಕ್ಯಾಮೆರಾದಿಂದ ಹೊರಬರುವಂಥದ್ದಾದ್ದರಿಂದ, ಇನ್ನೂ ಒಂದೆರಡು ಸ್ಪೂಲುಗಳನ್ನು ಹುಡುಕಿ ಇಟ್ಟುಕೊಂಡು, ನಿಮ್ಮ ಕ್ಯಾಮೆರಾದಲ್ಲಿ ಅವು ಸಲೀಸಾಗಿ ತಿರುಗುತ್ತವೆಯೇ ಎಂದು ಮೊದಲೇ ನೋಡಿ, ಫಿಲ್ಮಿನ ತುದಿಯನ್ನು ಮನೆಯಲ್ಲೇ ಅವುಗಳಿಗೆ ಸಿಕ್ಕಿಸಿಡಿ. ಸಿಕ್ಕಿಸುವಾಗ ಫಿಲ್ಮಿನ ಅಂಚು ಸ್ಪೂಲಿನ ಚಕ್ರಕ್ಕೆ ಒತ್ತಿಕೊಂಡಿರಲಿ. ಓರೆಯಾದರೆ ಸುತ್ತುವಾಗ ಬಿಗಿಯುತ್ತದೆ. ಹೀಗೆ ಜೋಡಿಸಿಟ್ಟ ರೀಲನ್ನು ಮೈದಾನದಲ್ಲಿ ಇಳಿಸುವುದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ.

ನಿಮ್ಮ ಖಾಲಿ ರೀಲಿನ ವಿಚಾರಕ್ಕೆ ಬಂದರೆ, ಫಿಲ್ಮು ಸ್ಪೂಲಿನಿಂದ ಕಳಚಿಕೊಂಡು ಡಬ್ಬಿಯಲ್ಲೇ ಕುಳಿತಿತ್ತು ಎನ್ನುವುದರಲ್ಲಿ ನನಗೆ ಹೆಚ್ಚು ಸಂಶಯವಿಲ್ಲ. ಫಿಲ್ಮು ಸರಿಯದಿದ್ದರೂ ಶಟರ್ ಎಂದಿನಂತೆ ಸದ್ದು ಮಾಡುತ್ತದೆ, ಎಣಿಕೆಯ ಚಕ್ರವೂ ಮುಂದೆ ಹೋಗುತ್ತದೆ. ಎಷ್ಟೇ ಅವಸರವಿದ್ದರೂ ಬಿಡಬಾರದ ಪರೀಕ್ಷೆ ಇದು: ಮುಚ್ಚಳ ಹಾಕುವ ಮೊದಲು ಒಂದಿಷ್ಟು ಸುತ್ತಿ, ರಂಧ್ರಗಳು ಫಿಲ್ಮನ್ನು ಎಳೆಯುವ ಚಕ್ರದ ಹಲ್ಲುಗಳಿಗೆ ಕೂತಿವೆಯೇ ನೋಡಿ, ಮುಚ್ಚಳ ಹಾಕಿದ ಮೇಲೆ ರಿವೈಂಡ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲವನ್ನು ಎಳೆದುಕೊಂಡು, ಫಿಲ್ಮನ್ನು ಮುಂದಕ್ಕೆ ಸುತ್ತಿ. ಆಗ ಆ ಗುಂಡಿ ತಾನಾಗಿ ಹಿಮ್ಮುಖ ತಿರುಗಿದರೆ ಫಿಲ್ಮು ಚಲಿಸುತ್ತಿದೆ ಎಂದರ್ಥ.

ಬೇರೆ ಕ್ಯಾಮೆರಾ ಖಂಡಿತ ಇದೆ. 1967ರ ಲೈಕಾ ಎಂ-4ರಲ್ಲಿ ಸ್ಪೂಲನ್ನು ಹೊರತೆಗೆಯಬೇಕಾಗಿಲ್ಲ, ತುದಿಯನ್ನು ಮೂರು ಎಸಳುಗಳ ನಡುವೆ ತೂರಿಸಿದರಾಯಿತು. ಕ್ಯಾನನೆಟ್ ಕ್ಯೂಎಲ್-17ರಲ್ಲಿ ಹಿಂಬಾಗಿಲು ತೆರೆದು, ತುದಿಯನ್ನು ಗುರುತಿನವರೆಗೆ ಎಳೆದು ಮುಚ್ಚಿದರೆ ಮುಗಿಯಿತು. ಆದರೂ ಅಜ್ಜನ ಕೈಯಿಂದ ಬಂದ ಕ್ಯಾಮೆರಾವನ್ನು ಇದೊಂದೇ ಕಾರಣಕ್ಕೆ ಮೂಲೆಗಿಡುವುದು ನನಗೆ ಒಪ್ಪಿತವಲ್ಲ.

ನಿಜವಾಗಿ ಹೆಚ್ಚು ಸಮಯ ತಿನ್ನುವುದು ತುಂಬಿಸುವ ಕೆಲಸಕ್ಕಿಂತ ಮುಗಿದ ರೀಲನ್ನು ಹಿಂದಕ್ಕೆ ಸುತ್ತುವ ಕೆಲಸ. ಮೂವತ್ತಾರು ಚಿತ್ರಗಳ ರೀಲೆಂದರೆ ಒಂದೂವರೆ ಮೀಟರಿಗೂ ಮಿಕ್ಕಿದ ಫಿಲ್ಮು, ಅದಷ್ಟನ್ನೂ ಆ ಪುಟ್ಟ ಗುಂಡಿಯಿಂದಲೇ ಸುತ್ತಬೇಕು. ಹಾಗಾಗಿ ಮೂವತ್ತಾರನೆಯ ಚಿತ್ರಕ್ಕಾಗಿ ಕಾಯದೆ, ಮೂವತ್ತು ದಾಟಿದ ಮೇಲೆ ಓಟಗಳ ನಡುವೆ ಬಿಡುವು ಸಿಕ್ಕಾಗಲೇ ರೀಲು ಬದಲಿಸಿಬಿಡಿ. ನಾಲ್ಕೈದು ಚಿತ್ರಗಳ ಫಿಲ್ಮು ವ್ಯರ್ಥವಾಗುತ್ತದೆ, ನಿಜ. ಬಿಸಿಲಿದ್ದರೆ ಕರೆಗೆ ಬೆನ್ನು ಹಾಕಿ ನಿಮ್ಮದೇ ನೆರಳಿನಲ್ಲಿ ತುಂಬಿಸಿ. ರೀಲುಗಳನ್ನು ಫ್ರಿಜ್‌ನಲ್ಲಿ ಇಡುವವರಾದರೆ ನಾಲಿಗೆ ಕತ್ತರಿಸುವುದಕ್ಕೆ ಒಂದೆರಡು ಗಂಟೆ ಮೊದಲೇ ಹೊರತೆಗೆದು, ರೀಲಿನ ಹೊರಡಬ್ಬಿಯ ತಣ್ಪು ಪೂರ್ತಿ ಆರಿದ ಮೇಲೆ ಅದರ ಮುಚ್ಚಳ ತೆರೆಯಿರಿ, ಇಲ್ಲವಾದರೆ ಇಲ್ಲಿನ ತೇವದ ಗಾಳಿಗೆ ಫಿಲ್ಮಿನ ಮೇಲೆ ನೀರು ಕೂರುತ್ತದೆ.